ಸೊಂಟದ ಮೇಲಿಂದ ಕೆಡವುವ ಪಟ್ಟು: ಜೂಡೋದ ಓಗೋಶಿಯನ್ನು ಕ್ರಮವಾಗಿ ಕಲಿಯುವ ಬಗೆ

ಜೂಡೋ ಕಲಿಯಬೇಕೆಂದು ಬರುವ ಹೊಸಬರಿಗೆ ನಾನು ಮೊದಲು ಹೇಳಿಕೊಡುವ ಎಸೆತ ಓಗೋಶಿ. ಜಪಾನಿ ಭಾಷೆಯಲ್ಲಿ ಈ ಮಾತಿಗೆ ದೊಡ್ಡ ಸೊಂಟ ಎಂದು ಅರ್ಥ. ಎದುರಿಗಿರುವವರನ್ನು ಮುಂದಕ್ಕೆ ವಾಲಿಸಿ, ಅವರಿಗೆ ಬೆನ್ನು ಕೊಟ್ಟು ತಿರುಗಿ, ನಮ್ಮ ಸೊಂಟವನ್ನು ಅವರ ಸೊಂಟಕ್ಕಿಂತ ಕೆಳಗೆ ಸೇರಿಸಿ, ಅದರ ಮೇಲಿಂದಲೇ ಅವರನ್ನು ಉರುಳಿಸಿ ನಮ್ಮ ಮುಂದೆ ಮಲಗಿಸುವುದು ಇದರ ಒಟ್ಟು ಕೆಲಸ. ಜಿಗೊರೊ ಕಾನೊ ಅವರು 1882ರಲ್ಲಿ ಟೋಕಿಯೊದಲ್ಲಿ ಕೊಡೋಕಾನ್ ಶಾಲೆಯನ್ನು ತೆರೆದು ಜೂಡೋಗೆ ರೂಪ ಕೊಟ್ಟರು. ಆ ಶಾಲೆ 1895ರಲ್ಲಿ ಎಸೆತಗಳನ್ನು ಐದು ಗುಂಪುಗಳಾಗಿ ಜೋಡಿಸಿ, 1920ರಲ್ಲಿ ಆ ಜೋಡಣೆಯನ್ನು ಪರಿಷ್ಕರಿಸಿತು. ಹಾಗೆ ಉಳಿದ 40 ಎಸೆತಗಳಲ್ಲಿ ಓಗೋಶಿ ಮೊದಲ ಗುಂಪಿನ ಎಂಟರಲ್ಲಿ ಒಂದಾಗಿದೆ.

ಅದೇ ಮೊದಲ ಗುಂಪಿನಲ್ಲಿ ಓಸೋಟೊಗಾರಿ ಎಂಬ ಎಸೆತವೂ ಇದೆ. ಎದುರಾಳಿಯ ಕಾಲನ್ನು ಹಿಂದಿನಿಂದ ಕುಯ್ಲಿನಂತೆ ಕಡಿದು ಹಿಮ್ಮುಖವಾಗಿ ಕೆಡವುವ ಈ ಪಟ್ಟು ನೋಡಲು ಸುಲಭವಾದ್ದರಿಂದ ಹುಡುಗರು ಅದನ್ನೇ ಮೊದಲು ಕೇಳುತ್ತಾರೆ. ನಾನು ಕೊಡುವುದಿಲ್ಲ. ಹಿಮ್ಮುಖವಾಗಿ ಬೀಳುವ ಹೊಸಬನಿಗೆ ಗದ್ದವನ್ನು ಎದೆಗೆ ಒತ್ತಿಕೊಳ್ಳುವ ರೂಢಿ ಇನ್ನೂ ಆಗಿರುವುದಿಲ್ಲ. ತಲೆಯ ಹಿಂಭಾಗ ನೇರವಾಗಿ ನೆಲಕ್ಕೆ ಬಡಿಯುತ್ತದೆ. ಜಪಾನಿನ ಶಾಲೆಗಳಲ್ಲಿ ಜೂಡೋದಿಂದಾದ ತಲೆಯ ಗಂಭೀರ ಗಾಯಗಳನ್ನು ಪರಿಶೀಲಿಸಿದವರಿಗೆ ಹೆಚ್ಚಾಗಿ ಪೆಟ್ಟು ತಿಂದವರು ಹೊಸಬರೇ ಎಂಬುದು ಕಂಡುಬಂದಿತು, ಮತ್ತು ಓಸೋಟೊಗಾರಿಯ ಹೆಸರು ಅಲ್ಲಿ ಮತ್ತೆ ಮತ್ತೆ ಬಂದಿತು. ಓಗೋಶಿಯಲ್ಲಿ ಬೀಳುವವರು ಮುಂದಕ್ಕೆ ಉರುಳುತ್ತಾರೆ. ಎಸೆಯುವವರ ಒಂದು ಕೈ ಅವರ ಸೊಂಟವನ್ನು ಬಳಸಿರುತ್ತದೆ, ಇನ್ನೊಂದು ಕೈ ತೋಳನ್ನು ಹಿಡಿದಿರುತ್ತದೆ. ಬೀಳುವವರ ವೇಗವನ್ನು ಕೊನೆಯ ಗಳಿಗೆಯವರೆಗೂ ತಗ್ಗಿಸುವ ಅವಕಾಶ ಎಸೆಯುವವರಿಗೆ ಇರುತ್ತದೆ. ನಾನು ಇದನ್ನು ಮೊದಲ ಪಾಠವಾಗಿ ಆರಿಸಿಕೊಂಡಿರುವುದಕ್ಕೆ ಇದೇ ಮುಖ್ಯ ಕಾರಣ.

ಮುಂದಿನ ವಿವರಣೆಯಲ್ಲಿ ಬೀಳುವವರನ್ನು ಜೊತೆಗಾರ ಎಂದು ಕರೆಯುತ್ತೇನೆ. ಅವರು ಎದುರಾಳಿಯಲ್ಲ, ಕಲಿಯುವುದಕ್ಕಾಗಿ ತಮ್ಮ ಮೈಯನ್ನು ನಮ್ಮ ಕೈಗೆ ಒಪ್ಪಿಸಿದವರು. ವಿವರಣೆಯೆಲ್ಲ ಬಲಗೈ ರೂಢಿಯವರಿಗೆ ಅನ್ವಯಿಸುವಂತಿದೆ. ಇದನ್ನು ಓದಿಕೊಂಡು ಮನೆಯಲ್ಲಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಎಸೆಯಬಾರದು. ತಿಳಿದವರೊಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಅಭ್ಯಾಸ ಮಾಡಿ, ಮನೆಗೆ ಹೋದ ಮೇಲೆ ಯಾವುದು ಯಾವುದರ ನಂತರ ಎಂದು ನೆನಪು ಮಾಡಿಕೊಳ್ಳಲು ಇದನ್ನು ಬಳಸಿಕೊಳ್ಳಬೇಕು.

ನೆಲ, ಬಟ್ಟೆ, ಹೊತ್ತು

ಜೂಡೋದ ಹಾಸನ್ನು ತತಾಮಿ ಎನ್ನುತ್ತಾರೆ. ಸಾಮಾನ್ಯವಾಗಿ ಸಿಗುವ ಹಾಸು 1 ಮೀಟರ್ ಅಗಲ, 2 ಮೀಟರ್ ಉದ್ದ, 4 ಸೆಂಟಿಮೀಟರ್ ದಪ್ಪ ಇರುತ್ತದೆ. ಸಿಮೆಂಟ್ ನೆಲದ ಮೇಲೆ ಒಂದೇ ಪದರ ಹಾಸಿ ಹೊಸಬರನ್ನು ಎಸೆಯುವುದು ಸರಿಯಲ್ಲ. ಮೊದಲ ತಿಂಗಳುಗಳಲ್ಲಿ ಬೀಳುವ ಜಾಗಕ್ಕೆ ಇನ್ನೊಂದು ಪದರವನ್ನಾಗಲಿ, ದಪ್ಪ ಸ್ಪಂಜಿನ ಹಾಸನ್ನಾಗಲಿ ಸೇರಿಸಬೇಕು. ಹಾಸುಗಳ ನಡುವೆ ಸಂದು ಬಿಟ್ಟರೆ ಕಾಲಿನ ಬೆರಳು ಅದರಲ್ಲಿ ಸಿಕ್ಕಿ ತಿರುಚುತ್ತದೆ. ಬಳ್ಳಾರಿ, ಸಂಡೂರು, ತೋರಣಗಲ್ಲು ಸೀಮೆಯಲ್ಲಿ ಇನ್ನೊಂದು ತೊಂದರೆಯಿದೆ: ಅದಿರಿನ ಕೆಂಪು ಧೂಳು. ಕಿಟಕಿ ತೆರೆದಿಟ್ಟ ಅರ್ಧ ದಿನದಲ್ಲಿಯೇ ಹಾಸಿನ ಮೇಲೆ ಕೂತುಬಿಡುವ ಈ ಸಣ್ಣ ಧೂಳಿನ ಮೇಲೆ ಬರಿಗಾಲು ಜಾರುತ್ತದೆ. ತಿರುಗುವಾಗ ಜಾರಿದರೆ ಇಬ್ಬರೂ ಬೀಳುತ್ತಾರೆ. ಕಸಬರಿಗೆಯಿಂದ ಗುಡಿಸಿದರೆ ಸಾಲದು. ಪ್ರತಿದಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆಯೇ ಅಭ್ಯಾಸ ಶುರು ಮಾಡಬೇಕು.

ಹಾಸು ಇಲ್ಲದಿದ್ದರೆ ಹೊಲದಲ್ಲಿ, ಹೊಳೆಯ ಮರಳಿನಲ್ಲಿ ಮಾಡಬಹುದೇ ಎಂದು ಊರುಗಳಿಂದ ಬರುವ ಹುಡುಗರು ಕೇಳುತ್ತಾರೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ನೆಲ ಕಲ್ಲಿನಷ್ಟೇ ಗಟ್ಟಿ. ತುಂಗಭದ್ರೆಯ ದಂಡೆಯ ಮರಳು ಮೆತ್ತಗೆ ಕಂಡರೂ ಅದರಲ್ಲಿ ಪಾದ ಹೂತುಕೊಳ್ಳುತ್ತದೆ. ಮೈ ತಿರುಗಿದರೂ ಪಾದ ತಿರುಗದೆ ನಿಂತಲ್ಲೇ ನಿಂತಾಗ ಆ ತಿರುಚು ಮಂಡಿಗೆ ಬೀಳುತ್ತದೆ. ಎರಡೂ ಬೇಡ.

ಜೂಡೋಗಿ ಎಂಬ ದಪ್ಪ ಹತ್ತಿಯ ಅಂಗಿ ಈ ಪಟ್ಟಿಗೆ ಬೇಕೇ ಬೇಕು, ಏಕೆಂದರೆ ತೋಳು ಮತ್ತು ಕಾಲರಿನ ಹಿಡಿತದಿಂದಲೇ ಎಲ್ಲವೂ ಆರಂಭವಾಗುತ್ತದೆ. ಅದು ಕಂಕುಳಲ್ಲಿ, ಕಾಲರಿನ ಬುಡದಲ್ಲಿ ಬೇಗ ಹರಿಯುತ್ತದೆ. ಮಾಮೂಲಿ ಹೊಲಿಗೆ ಯಂತ್ರದ ಸೂಜಿ ಅದರಲ್ಲಿ ಇಳಿಯುವುದಿಲ್ಲ. ಬಳ್ಳಾರಿಯವರಿಗೆ ಜೀನ್ಸ್ ಹೊಲಿಯುವವರು ಬೀದಿ ಬೀದಿಯಲ್ಲಿ ಇರುವುದರಿಂದ ಆ ಚಿಂತೆಯಿಲ್ಲ, ಅವರ ಯಂತ್ರದಲ್ಲಿ ಎರಡು ಸಾಲು ಹೊಲಿಗೆ ಹಾಕಿಸಿದರೆ ಅಂಗಿ ಮತ್ತೆ ಬಹುಕಾಲ ಬಾಳುತ್ತದೆ. ಉಂಗುರ, ಕಡಗ, ಬಳೆ, ಓಲೆ, ತಾಯತ ಎಲ್ಲವನ್ನೂ ತೆಗೆದಿಡಬೇಕು. ಬೆಳ್ಳಿಯ ಉಡದಾರವನ್ನು ಹಲವರು ಮರೆಯುತ್ತಾರೆ. ಓಗೋಶಿಯಲ್ಲಿ ಒಬ್ಬರ ಹೊಟ್ಟೆ ಇನ್ನೊಬ್ಬರ ಸೊಂಟದ ಮೇಲೆ ಉಜ್ಜಿಕೊಂಡೇ ಉರುಳುವುದರಿಂದ ಆ ಉಡದಾರ ಇಬ್ಬರ ಚರ್ಮವನ್ನೂ ಗೀರುತ್ತದೆ. ಕೈಕಾಲಿನ ಉಗುರು ಕತ್ತರಿಸಿರಬೇಕು.

ನಮ್ಮ ಸೀಮೆಯ ಬೇಸಿಗೆಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಹತ್ತು ಗಂಟೆಯ ಮೇಲೆ ಆ ದಪ್ಪ ಅಂಗಿ ತೊಟ್ಟು ಅಭ್ಯಾಸ ಮಾಡುವುದು ಅಪಾಯ. ಮಾರ್ಚಿನಿಂದ ಜೂನ್‌ವರೆಗೆ ನಸುಕಿನ ಐದೂವರೆಗೆ ಶುರು ಮಾಡಿ ಏಳರೊಳಗೆ ಮುಗಿಸುವುದು ನನ್ನ ಪದ್ಧತಿ. ಮೊದಲ ಇಪ್ಪತ್ತು ನಿಮಿಷ ಮೈ ಕಾಯಿಸುವುದಕ್ಕೇ ಮೀಸಲು. ಕುತ್ತಿಗೆ, ಭುಜ, ಸೊಂಟ, ಮಂಡಿ, ಹರಡುಗಳನ್ನು ನಿಧಾನವಾಗಿ ಆಡಿಸಿ, ಬೈಠಕ್ ಹೊಡೆದು, ಬೆವರು ಬಂದ ಮೇಲೆಯೇ ಹಿಡಿತಕ್ಕೆ ಕೈ ಹಾಕಬೇಕು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋದ ಮೇಲೆ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಎಣ್ಣೆ ಕುಡಿಯಿರಿ ಎಂದು ನಾನು ಹೇಳುವುದಿಲ್ಲ, ಆದರೆ ಬೆವರು ಮೊದಲು, ಹಿಡಿತ ಆಮೇಲೆ ಎಂಬ ಆ ಅನುಕ್ರಮವನ್ನು ಹುಡುಗರಿಗೆ ತಪ್ಪದೆ ತೋರಿಸುತ್ತೇನೆ.

ಬೀಳುವುದನ್ನು ಮೊದಲು ಕಲಿಯಬೇಕು

ವಾರಕ್ಕೆ ಮೂರು ದಿನ ಬರುವವರಿಗೆ ಮೊದಲ ಮೂರು ನಾಲ್ಕು ವಾರ ನಾನು ಯಾವ ಎಸೆತವನ್ನೂ ಕಲಿಸುವುದಿಲ್ಲ; ಬೀಳುವುದನ್ನು ಮಾತ್ರ ಕಲಿಸುತ್ತೇನೆ. ಇದಕ್ಕೆ ಜೂಡೋದಲ್ಲಿ ಉಕೆಮಿ ಎಂದು ಹೆಸರು. ಈ ಹಂತದಲ್ಲಿ ಬೇಸರಪಟ್ಟು ಬಿಟ್ಟು ಹೋದವರು ಇದ್ದಾರೆ. ಹಾಗೆಂದು ನಾನು ಈ ಹಂತವನ್ನು ಕಡಿಮೆ ಮಾಡಿಲ್ಲ.

ಓಗೋಶಿಯನ್ನು ಬಲಗಡೆಯಿಂದ ಹಾಕಿದಾಗ ಜೊತೆಗಾರ ತನ್ನ ಎಡ ಮಗ್ಗುಲಿನ ಮೇಲೆ ಬೀಳುತ್ತಾನೆ. ಅದಕ್ಕಾಗಿ ಅಂಗಾತ ಮಲಗಿ ಆರಂಭಿಸಬೇಕು. ತಲೆ ಎತ್ತಿ ತನ್ನ ಬೆಲ್ಟಿನ ಗಂಟನ್ನು ನೋಡುತ್ತ, ಗದ್ದವನ್ನು ಎದೆಗೆ ತಾಗಿಸಿಕೊಂಡು, ಎಡ ಮಗ್ಗುಲಿಗೆ ಹೊರಳಿ ಎಡ ತೋಳಿನಿಂದ ಹಾಸನ್ನು ಬಡಿಯಬೇಕು. ಅಂಗೈ ಕೆಳಮುಖವಾಗಿರಲಿ, ತೋಳು ಮೈಯಿಂದ 30ರಿಂದ 45 ಡಿಗ್ರಿಯಷ್ಟು ಮಾತ್ರ ದೂರವಿರಲಿ, ಬೆರಳ ತುದಿಯಿಂದ ಭುಜದವರೆಗಿನ ಇಡೀ ತೋಳು ಒಮ್ಮೆಗೇ ತಾಗಲಿ. ತೋಳು ಭುಜದ ಮಟ್ಟಕ್ಕೆ ಏರಿದರೆ ಪೆಟ್ಟು ಭುಜದ ಕೀಲಿಗೆ ಹೋಗುತ್ತದೆ. ಮೈಗೆ ತೀರ ಹತ್ತಿರವಾದರೆ ತೋಳು ಪಕ್ಕೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಡಿಯುವಾಗ ಉಸಿರು ಹೊರಗೆ ಬಿಡಬೇಕು. ಎರಡು ಕಾಲುಗಳು ಒಂದರ ಮೇಲೊಂದು ಬರಬಾರದು, ಬಂದರೆ ಮಂಡಿಗೆ ಮಂಡಿ ಬಡಿಯುತ್ತದೆ. ಮಲಗಿ ಮಾಡುವುದು ಸಲೀಸಾದ ಮೇಲೆ ಕೂತು, ಆಮೇಲೆ ಕುಕ್ಕುರುಗಾಲಿನಲ್ಲಿ, ಕೊನೆಗೆ ನಿಂತು ಮಾಡಬೇಕು. ಕಡೆಯದಾಗಿ ಮುಂದಕ್ಕೆ ಉರುಳುವ ಲಾಗ: ಬಲಗೈ, ಬಲಭುಜ, ಅಲ್ಲಿಂದ ಬೆನ್ನಿನ ಅಡ್ಡಕ್ಕೆ ಎಡ ಸೊಂಟದವರೆಗೆ ಚಕ್ರದಂತೆ ಉರುಳಿ, ಎಡತೋಳಿನಿಂದ ಹಾಸು ಬಡಿಯುವುದು. ಓಗೋಶಿಯಲ್ಲಿ ಗಾಳಿಯಲ್ಲಿ ಆಗುವುದು ಹೆಚ್ಚುಕಡಿಮೆ ಇದೇ ಉರುಳು.

ಗರಡಿಯಿಂದ ಬಂದವರಿಗೆ ಇಲ್ಲಿ ವಿಶೇಷವಾಗಿ ಒಂದು ಮಾತು ಹೇಳಬೇಕು. ನಾನೂ ಗರಡಿಯಿಂದಲೇ ಬಂದವನು. ಮಟ್ಟಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಪೈಲ್ವಾನನ ಮೈ ಗಾಳಿಯಲ್ಲಿದ್ದಾಗಲೂ ಬೆನ್ನು ತಪ್ಪಿಸಿ ಹೊಟ್ಟೆಯ ಕಡೆಗೆ ಹೊರಳಲು ನೋಡುತ್ತದೆ, ಕೈ ತಾನಾಗಿಯೇ ನೆಲಕ್ಕೆ ಚಾಚಿಕೊಳ್ಳುತ್ತದೆ. ವರ್ಷಗಟ್ಟಲೆ ಬೆಳೆದ ಈ ರೂಢಿ ಕುಸ್ತಿಯಲ್ಲಿ ಕಾಯುತ್ತದೆ, ಜೂಡೋದ ಹಾಸಿನ ಮೇಲೆ ಮುರಿಯುತ್ತದೆ. ನಾನು ಜೂಡೋ ಸೇರಿದ ಮೊದಲ ತಿಂಗಳಲ್ಲೇ, ಬೆನ್ನು ಕೊಡಬಾರದೆಂಬ ಹಟದಿಂದ ಎಸೆತದ ನಡುವೆ ಹೊರಳಿ ಎಡಗೈ ಊರಿದೆ, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಗೋಡೆಗೆ ಒರಗಿ ಕೂತು ಇತರರ ಅಭ್ಯಾಸವನ್ನು ನೋಡುತ್ತಿದ್ದಾಗ ನನಗೆ ಅರ್ಥವಾದದ್ದು, ಅಲ್ಲಿ ಚೆನ್ನಾಗಿ ಬೀಳುತ್ತಿದ್ದವರೆಲ್ಲ ಬೆನ್ನು ಮತ್ತು ಮಗ್ಗುಲನ್ನು ತಾವಾಗಿಯೇ ನೆಲಕ್ಕೆ ಕೊಡುತ್ತಿದ್ದರು. ಜೂಡೋ ಪಂದ್ಯದಲ್ಲಿಯೂ ಬೆನ್ನ ಮೇಲೆ ರಭಸದಿಂದ, ಹಿಡಿತ ತಪ್ಪದೆ ಕೆಡವಿದರೆ ಇಪ್ಪೊನ್, ಅಲ್ಲಿಗೆ ಪಂದ್ಯ ಮುಗಿಯುತ್ತದೆ. ಆದರೆ ಅಭ್ಯಾಸದಲ್ಲಿ ಬೆನ್ನು ಕೊಡುವುದು ಸೋಲಲ್ಲ. ಗರಡಿಯ ಹುಡುಗರಿಗೆ ನಾನು ಈ ಒಂದು ವಿಷಯಕ್ಕಾಗಿ ಇನ್ನೂ ಎರಡು ವಾರ ಹೆಚ್ಚಿಗೆ ಉರುಳಿಸುತ್ತೇನೆ.

ಭಾರದ ಕೆಳಗೆ ಹೋಗುವುದು

ಹೊಸಬರು ಮಾಡುವ ತಪ್ಪುಗಳಲ್ಲಿ ಹತ್ತಕ್ಕೆ ಎಂಟು ಒಂದೇ ಮೂಲದಿಂದ ಹುಟ್ಟುತ್ತವೆ: ಅವರು ಜೊತೆಗಾರನನ್ನು ತೋಳಿನಿಂದ ಎತ್ತಲು ಹೋಗುತ್ತಾರೆ. ಹೋದ ವರ್ಷ ಕೊಪ್ಪಳದ ಕಡೆಯ ಒಬ್ಬ ಹುಡುಗ, ತನಗಿಂತ ನಾಲ್ಕೈದು ಕಿಲೋ ಹೆಚ್ಚಿದ್ದ ಜೊತೆಗಾರನನ್ನು ಹಿಡಿದುಕೊಂಡು, ಕುತ್ತಿಗೆಯ ನರ ಉಬ್ಬಿಸಿ, ಕೊನೆಗೆ ಸೋತು, “ಸರ್, ಇವ ಭಾಳ ವಜ್ಜ ಅದಾನ್ರೀ, ಎತ್ತಾಕ ಆಗವಲ್ದು” ಎಂದ. “ಎತ್ತಬ್ಯಾಡಪ, ಮೊದ್ಲ ಅವನ ಕೆಳಗ ಹೋಗು” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಗ ನಾನು ಅವನಿಗೆ ಅಡತಿ ಅಂಗಡಿಯ ಮುಂದಿನ ಹಮಾಲರನ್ನು ನೆನಪಿಸಿದೆ.

ರಾಯಚೂರಿನ ಹತ್ತಿಯ ಪೇಟೆಯಲ್ಲಾಗಲಿ, ಗಂಗಾವತಿ, ಸಿಂಧನೂರಿನ ಭತ್ತದ ಅಂಗಳದಲ್ಲಾಗಲಿ ಲಾರಿಯಿಂದ ಚೀಲ ಇಳಿಸುವ ಹಮಾಲರನ್ನು ಸಮೀಪದಿಂದ ನೋಡಬೇಕು. ಅವರು ಚೀಲದ ಎದುರು ನಿಂತು ಎರಡು ಕೈಗಳಿಂದ ಎತ್ತುವುದಿಲ್ಲ. ಲಾರಿಯ ಅಂಚಿಗೆ ತಂದು ನಿಲ್ಲಿಸಿದ ಚೀಲಕ್ಕೆ ಬೆನ್ನು ಕೊಟ್ಟು ತಿರುಗುತ್ತಾರೆ, ಮಂಡಿ ಬಾಗಿಸಿ ಚೀಲಕ್ಕಿಂತ ಕೆಳಗಾಗುತ್ತಾರೆ, ಕೈ ಹಿಂದೆ ಹಾಕಿ ಚೀಲದ ಮೂಲೆಗಳನ್ನು ಹಿಡಿದು ತಮ್ಮ ಮೈ ಮೇಲೆ ವಾಲಿಸಿಕೊಳ್ಳುತ್ತಾರೆ. ಚೀಲ ವಾಲಿದ ಆ ಗಳಿಗೆಯಲ್ಲಿ ಅದಕ್ಕೂ ಬೆನ್ನಿಗೂ ನಡುವೆ ಬೆರಳು ತೂರುವಷ್ಟೂ ಜಾಗ ಇರುವುದಿಲ್ಲ. ಆಮೇಲೆ ಮಂಡಿ ನೇರವಾಗುತ್ತದೆ, ಅಷ್ಟೇ. ಓಗೋಶಿಯ ಮೂರು ಅಂಗಗಳೂ ಇಲ್ಲಿವೆ. ವಾಲಿಸುವುದಕ್ಕೆ ಜೂಡೋದಲ್ಲಿ ಕುಝುಶಿ ಎನ್ನುತ್ತಾರೆ, ಕೆಳಗೆ ಹೋಗಿ ಮೈ ಕೂಡಿಸುವುದಕ್ಕೆ ತ್ಸುಕುರಿ, ಕೆಡವುವುದಕ್ಕೆ ಕಾಕೆ. ಚೀಲಕ್ಕೂ ಮನುಷ್ಯನಿಗೂ ಇರುವ ವ್ಯತ್ಯಾಸವೆಂದರೆ ಮನುಷ್ಯನನ್ನು ಹೊತ್ತುಕೊಂಡು ನಡೆಯುವುದಿಲ್ಲ, ಹೇರಿದ ಕೂಡಲೇ ಉರುಳಿಸಿಬಿಡುತ್ತೇವೆ.

ಈಗ ಹಿಡಿತ. ಎಡಗೈಯಿಂದ ಜೊತೆಗಾರನ ಬಲತೋಳಿನ ಅಂಗಿಯನ್ನು ಮೊಣಕೈ ಹತ್ತಿರ, ಹೊರಮಗ್ಗುಲಲ್ಲಿ ಹಿಡಿಯಬೇಕು. ಬಲಗೈಯಿಂದ ಅವನ ಎಡ ಕಾಲರನ್ನು ಎದೆಯ ಮಟ್ಟದಲ್ಲಿ ಹಿಡಿಯಬೇಕು. ಕಿರುಬೆರಳು, ಉಂಗುರಬೆರಳು, ನಡುಬೆರಳುಗಳು ಬಿಗಿಯಾಗಿರಲಿ. ತೋರುಬೆರಳು, ಹೆಬ್ಬೆರಳು ಸಡಿಲವಾಗಿರಲಿ. ತೋಳುಗಳನ್ನು ಕಂಬದಂತೆ ಸೆಟೆಸಿ ನಿಂತರೆ ಒಳಗೆ ಹೋಗಲು ನಮಗೆ ನಾವೇ ಅಡ್ಡಿಯಾಗುತ್ತೇವೆ.

ವಾಲಿಸುವುದು ಎಡಗೈಯಿಂದ ಶುರುವಾಗುತ್ತದೆ. ಕೈಗಡಿಯಾರದಲ್ಲಿ ಹೊತ್ತು ನೋಡುವವರಂತೆ ಎಡ ಮಣಿಕಟ್ಟನ್ನು ಹೊರಳಿಸಿ, ಮೊಣಕೈಯನ್ನು ಮೇಲೆತ್ತಿ, ಜೊತೆಗಾರನ ತೋಳನ್ನು ಮುಂದಕ್ಕೂ ಮೇಲಕ್ಕೂ ಎಳೆಯಬೇಕು. ಬಲಗೈ ಕಾಲರನ್ನು ಮೇಲೆತ್ತುತ್ತ ಜೊತೆಗೂಡಬೇಕು. ಎಳೆತ ಸರಿಯಾಗಿದೆಯೇ ಎಂದು ತಿಳಿಯಲು ಅವನ ಹಿಮ್ಮಡಿಗಳನ್ನು ನೋಡಿದರೆ ಸಾಕು. ಅವು ಹಾಸಿನಿಂದ ಬೆರಳಿನಷ್ಟಾದರೂ ಮೇಲೆದ್ದಿರಬೇಕು. ಹಿಮ್ಮಡಿ ನೆಲದಲ್ಲಿಯೇ ಊರಿದ್ದರೆ ಮುಂದಿನ ಯಾವುದಕ್ಕೂ ಅರ್ಥವಿಲ್ಲ, ಹಿಂದಕ್ಕೆ ಬಂದು ಮತ್ತೆ ಎಳೆಯಬೇಕು. ಕೆಳಕ್ಕೆ ಎಳೆಯುವುದು ಬಹಳ ಜನರ ತಪ್ಪು. ಹಾಗೆ ಎಳೆದಾಗ ಜೊತೆಗಾರ ತನ್ನ ಭಾರವನ್ನೆಲ್ಲ ನೆಲಕ್ಕೆ ಊರಿ ಇನ್ನೂ ಗಟ್ಟಿಯಾಗುತ್ತಾನೆ.

ಎಳೆತ ಬಿಡದೆಯೇ ಬಲಗಾಲನ್ನು ಅವನ ಬಲಪಾದದ ಒಳಮಗ್ಗುಲಿಗೆ, ಅದರ ಬೆರಳುಗಳ ಮುಂದೆ ಒಂದು ಗೇಣು ಅಂತರದಲ್ಲಿ ಇಡಬೇಕು. ಈ ಹೆಜ್ಜೆಯಲ್ಲಿ ಹಿಮ್ಮಡಿ ಊರಬಾರದು. ಪಾದದ ಮುಂಭಾಗದ ಮೇಲೆ ಮಾತ್ರ ಭಾರವಿರಬೇಕು. ಆ ಮುಂಗಾಲಿನ ಮೇಲೆಯೇ ಎಡಕ್ಕೆ ತಿರುಗುತ್ತ, ಎಡಗಾಲನ್ನು ಹಿಂದಿನಿಂದ ಸುತ್ತಿ ತಂದು ಅವನ ಎಡಪಾದದ ಮುಂದೆ ಇಡಬೇಕು. ಅಷ್ಟರಲ್ಲಿ ಬಲಗೈ ಕಾಲರನ್ನು ಬಿಟ್ಟು, ಅವನ ಎಡ ಕಂಕುಳ ಕೆಳಗಿನಿಂದ ತೂರಿ, ಬೆನ್ನ ಹಿಂದೆ ಬೆಲ್ಟಿನ ಮಟ್ಟದಲ್ಲಿ ಅಂಗೈ ಚಪ್ಪಟೆಯಾಗಿ ಒತ್ತಿರಬೇಕು. ಈಗ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದ್ದೇವೆ. ನಮ್ಮ ಎರಡೂ ಪಾದಗಳು ಅವನ ಪಾದಗಳ ನಡುವಿನ ಅಗಲದೊಳಗೆ ಇವೆ. ಹೊರಗೆ ಚಾಚಿದ್ದರೆ ನಾವೇ ಕೆಳಗಿಳಿಯಲಾರೆವು. ಮಂಡಿಗಳು ಬಾಗಿವೆ, ಬೆನ್ನು ನೆಟ್ಟಗಿದೆ, ನಮ್ಮ ಬೆಲ್ಟು ಅವನ ಬೆಲ್ಟಿಗಿಂತ ಕೆಳಗಿದೆ. ನಮ್ಮ ಕಡೆ ಟೊಂಕ ಎನ್ನುವ ಆ ಭಾಗ ಅವನ ಹೊಟ್ಟೆಯ ಕೆಳಭಾಗಕ್ಕೂ ತೊಡೆಯ ಮೇಲ್ಭಾಗಕ್ಕೂ ಅಡ್ಡಲಾಗಿ ಒತ್ತಿ ಕೂತಿದೆ, ಬಲ ಟೊಂಕ ಅವನ ಬಲ ಮಗ್ಗುಲಿನಿಂದ ಸ್ವಲ್ಪ ಹೊರಗೆ ಬಂದಿದೆ. ತೀರ ಹೆಚ್ಚು ಹೊರಗೆ ಹೋದರೆ ಅವನು ಪಕ್ಕಕ್ಕೆ ಜಾರಿಬಿಡುತ್ತಾನೆ, ಕಡಿಮೆಯಾದರೆ ಉರುಳುವುದೇ ಇಲ್ಲ.

ಇದನ್ನು ಜೊತೆಗಾರನಿಲ್ಲದೆ ಕಲಿಯುವುದು ಸಾಧ್ಯ, ಮತ್ತು ಹಾಗೆ ಕಲಿಯುವುದೇ ಒಳ್ಳೆಯದು. ಹಾಸಿನ ಮೇಲೆ ಸೀಮೆಸುಣ್ಣದಿಂದ ಜೊತೆಗಾರನ ಎರಡು ಪಾದಗಳ ಗುರುತು ಹಾಕಿ, ಬಲ, ತಿರುಗು, ಎಡ ಎಂಬ ಹೆಜ್ಜೆಯನ್ನು ದಿನಕ್ಕೆ ಐವತ್ತು ಸಲ ನಿಧಾನವಾಗಿ ಇಡಬೇಕು. ಪ್ರತಿ ಸಲವೂ ಕೊನೆಗೆ ನಿಂತು ಕೆಳಗೆ ನೋಡಿ, ಗುರುತಿನೊಳಗೆ ಪಾದಗಳಿವೆಯೇ, ಮಂಡಿ ಬಾಗಿದೆಯೇ, ಹಿಮ್ಮಡಿ ಹಗುರವಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಹಿಮ್ಮಡಿ ಊರಿ ತಿರುಗುವ ರೂಢಿ ಈ ಹಂತದಲ್ಲಿ ಹೋಗದಿದ್ದರೆ, ಆಮೇಲೆ ಇನ್ನೊಬ್ಬರ ಭಾರ ಮೇಲೆ ಬಿದ್ದಾಗ ಮಂಡಿಯ ಒಳಗಿನ ಕಟ್ಟುಗಳು ಹರಿಯುವ ಭಯವಿದೆ.

ಅದಾದ ಮೇಲೆ ಜೊತೆಗಾರನೊಡನೆ ಉಚಿಕೋಮಿ, ಅಂದರೆ ಎಸೆಯದೆ ಒಳಗೆ ಹೋಗಿ ಮೈ ಕೂಡಿಸಿ ಹಿಂದಕ್ಕೆ ಬರುವ ಆವರ್ತನೆ. ಹತ್ತು ಸಲ ಒಬ್ಬರು, ಹತ್ತು ಸಲ ಇನ್ನೊಬ್ಬರು, ಹೀಗೆ ಐದು ಸುತ್ತು. ಒಂಬತ್ತು ಸಲ ಬರೀ ಮೈ ಕೂಡಿಸಿ, ಹತ್ತನೆಯ ಸಲ ಮಂಡಿ ನೇರ ಮಾಡಿ ಅವನ ಕಾಲುಗಳು ಹಾಸು ಬಿಡುವಷ್ಟು ಹೇರಿಕೊಂಡು, ಮತ್ತೆ ಮೆಲ್ಲಗೆ ಇಳಿಸಬೇಕು. ಹೇರಿಕೊಂಡಾಗ ಭಾರ ನಮ್ಮ ತೊಡೆಗಳಿಗೆ ಬಂದರೆ ಸರಿ. ಬೆನ್ನಿನ ಕೆಳಭಾಗ ಹಿಡಿದಂತೆ ಅನಿಸಿದರೆ ಮಂಡಿ ಬಾಗಿಸದೆ ನಡುವನ್ನೇ ಬಾಗಿಸಿದ್ದೇವೆ ಎಂದರ್ಥ. ಅಲ್ಲಿಯೇ ನಿಲ್ಲಿಸಿ ತಿದ್ದಿಕೊಳ್ಳಬೇಕು, ನೋವನ್ನು ಸಹಿಸಿಕೊಂಡು ಮುಂದುವರಿಯಬಾರದು.

ಉಚಿಕೋಮಿಯ ಒಂದು ಸುತ್ತನ್ನು ನಾನು ಕಣ್ಣು ಮುಚ್ಚಿಸಿ ಮಾಡಿಸುತ್ತೇನೆ. ದೃಷ್ಟಿದೋಷವಿರುವವರ ಜೂಡೋದಲ್ಲಿ ಇಬ್ಬರೂ ಮೊದಲೇ ಹಿಡಿತ ಹಿಡಿದುಕೊಂಡು ಪಂದ್ಯ ಆರಂಭಿಸುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಪಿಲ್ ಪರ್ಮಾರ್ ಅವರು ಕಂಚು ಗೆದ್ದು ಆ ಕೂಟದ ಜೂಡೋದಲ್ಲಿ ಭಾರತಕ್ಕೆ ಮೊದಲ ಪದಕ ತಂದದ್ದು ಈ ಬಗೆಯಲ್ಲಿಯೇ. ಎದುರಿಗಿರುವವರ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಕೈಗಳ ಮೂಲಕವೇ ತಿಳಿಯಬಹುದು. ಕಣ್ಣು ಮುಚ್ಚಿದ ಹುಡುಗರು ಎರಡು ಮೂರು ದಿನಗಳಲ್ಲಿಯೇ ನೆಲ ನೋಡುವ ಚಟವನ್ನು ಬಿಡುತ್ತಾರೆ.

ಕೆಡವುವುದು ಮತ್ತು ಕಾಯುವುದು

ಮೇಲಿನದೆಲ್ಲ ಸರಿಯಾಗಿದ್ದರೆ ಕೆಡವುವುದಕ್ಕೆ ಹೆಚ್ಚಿನ ಬಲ ಬೇಕಾಗುವುದಿಲ್ಲ. ಮಂಡಿಗಳನ್ನು ನೇರ ಮಾಡುತ್ತ ಟೊಂಕವನ್ನು ಹಿಂದಕ್ಕೂ ಮೇಲಕ್ಕೂ ಒತ್ತಬೇಕು. ಅದರೊಂದಿಗೇ ಎಡಗೈ ಜೊತೆಗಾರನ ತೋಳನ್ನು ನಮ್ಮ ಎಡ ಸೊಂಟದ ಕಡೆಗೆ ಸುತ್ತಿ ಎಳೆಯಬೇಕು, ಮುಖ ಎಡಕ್ಕೆ ಹೊರಳಬೇಕು. ತಲೆ ತಿರುಗಿದ ಕಡೆಗೆ ಮೈ ತಿರುಗುತ್ತದೆ. ಮುಖ ನೆಟ್ಟಗೆ ಮುಂದಕ್ಕೇ ಇದ್ದರೆ ಜೊತೆಗಾರ ಸೊಂಟದ ಮೇಲೆ ಅಡ್ಡಲಾಗಿ ಸಿಕ್ಕಿಕೊಂಡು ಇಬ್ಬರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಅವನು ಉರುಳಿ ನಮ್ಮ ಪಾದಗಳ ಮುಂದೆ ಎಡ ಮಗ್ಗುಲಿನ ಮೇಲೆ ಬೀಳುತ್ತಾನೆ, ಎಡತೋಳಿನಿಂದ ಹಾಸು ಬಡಿಯುತ್ತಾನೆ.

ಅಲ್ಲಿಗೆ ಎಸೆತ ಮುಗಿಯಲಿಲ್ಲ. ಅವನ ಬಲತೋಳಿನ ಅಂಗಿ ಇನ್ನೂ ನಮ್ಮ ಎಡಗೈಯಲ್ಲಿದೆ. ಅವನು ಹಾಸಿಗೆ ತಾಗುವ ಗಳಿಗೆಯಲ್ಲಿ ಆ ಕೈಯನ್ನು ಒಂದು ಮೊಳದಷ್ಟು ಮೇಲಕ್ಕೆ ಎಳೆಯಬೇಕು. ಹೀಗೆ ಎಳೆದಾಗ ಅವನ ಭುಜವೂ ತಲೆಯೂ ಹಾಸಿನಿಂದ ಮೇಲೆಯೇ ಉಳಿಯುತ್ತವೆ, ಮಗ್ಗುಲು ಮಾತ್ರ ತಾಗುತ್ತದೆ. ನಮ್ಮ ಮಂಡಿ ಬಾಗಿರಬೇಕು, ಬೆನ್ನು ನೆಟ್ಟಗಿರಬೇಕು, ಅವನ ಮೇಲೆ ನಾವು ಬೀಳಬಾರದು. ನಾನು ಹುಡುಗರ ಎಸೆತವನ್ನು ಅಳೆಯುವುದು ಬೀಳುವ ಸದ್ದಿನಿಂದಲ್ಲ, ಈ ಎಡಗೈಯಿಂದ. ಎಷ್ಟೇ ಸೊಗಸಾಗಿ ಉರುಳಿಸಿದರೂ ಕೊನೆಯಲ್ಲಿ ತೋಳನ್ನು ಬಿಟ್ಟುಬಿಟ್ಟವನಿಗೆ ಆ ದಿನ ಮತ್ತೆ ಎಸೆಯಲು ಕೊಡುವುದಿಲ್ಲ. ಅವನು ಉಳಿದ ಹೊತ್ತೆಲ್ಲ ಬೇರೆಯವರ ಕೈಯಲ್ಲಿ ಬೀಳುತ್ತಾನೆ. ತೋಳು ಹಿಡಿದು ಉಳಿಸಿದಾಗ ಬೀಳುವವನಿಗೆ ಎಷ್ಟು ಹಗುರವೆನಿಸುತ್ತದೆ, ಬಿಟ್ಟಾಗ ಎಷ್ಟು ಬಡಿಯುತ್ತದೆ ಎಂಬುದನ್ನು ಅವನ ಮೈಯೇ ಅವನಿಗೆ ಕಲಿಸುತ್ತದೆ.

ನಿಜವಾದ ಎಸೆತಗಳನ್ನು ಮೊದಲು ದಪ್ಪ ಸ್ಪಂಜಿನ ಹಾಸಿನ ಮೇಲೆ, ಒಂದು ಅಭ್ಯಾಸಕ್ಕೆ ಹತ್ತಕ್ಕಿಂತ ಹೆಚ್ಚಿಲ್ಲದಂತೆ ಮಾಡಬೇಕು. ದಣಿದ ಜೊತೆಗಾರನ ಗದ್ದ ಸಡಿಲವಾಗುತ್ತದೆ, ಆದ್ದರಿಂದ ಎಸೆತಗಳು ಅಭ್ಯಾಸದ ಕೊನೆಗೆ ಬರದೆ ನಡುವೆ ಬರಲಿ. ಜೋಡಿಗಳು ತೂಕದಲ್ಲಿ ಸಮನಾಗಿರಲಿ, ಎತ್ತರದಲ್ಲಿ ಬೀಳುವವರು ತುಸು ಹೆಚ್ಚಿದ್ದರೆ ಕಲಿಯಲು ಅನುಕೂಲ. ಗಿಡ್ಡನೆಯ ಜೊತೆಗಾರನ ಕೆಳಗೆ ಹೋಗಲು ಬಹಳ ಬಾಗಬೇಕಾಗುತ್ತದೆ. ನನ್ನ ಅನುಭವದಲ್ಲಿ ಹುಡುಗಿಯರು ಈ ಪಟ್ಟನ್ನು ಹುಡುಗರಿಗಿಂತ ಬೇಗ ಹಿಡಿಯುತ್ತಾರೆ. ತೋಳಿನ ಬಲವನ್ನು ನೆಚ್ಚಿಕೊಳ್ಳದ ಕಾರಣ ಅವರು ಮೊದಲ ದಿನದಿಂದಲೇ ಮಂಡಿ ಬಾಗಿಸಿ ಕೆಳಗೆ ಹೋಗುತ್ತಾರೆ.

ತಲೆಗೆ ಪೆಟ್ಟು ಬಿದ್ದರೆ ಪೆಟ್ಟು ಸಣ್ಣದೆಂದು ಕಂಡರೂ ಆ ದಿನದ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು. ತಲೆನೋವು, ವಾಂತಿ, ಮಂಪರು, ಮಾತಿನ ತೊದಲು, ನಡೆದದ್ದು ನೆನಪಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ವೈದ್ಯರು ಒಪ್ಪುವವರೆಗೆ ಮತ್ತೆ ಹಾಸಿನ ಮೇಲೆ ಅಭ್ಯಾಸಕ್ಕೆ ಇಳಿಸಬಾರದು. ಮಕ್ಕಳು ಮನೆಯಲ್ಲಿ ಬೈಯುತ್ತಾರೆಂದು ಪೆಟ್ಟನ್ನು ಮುಚ್ಚಿಡುತ್ತಾರೆ. ಅಭ್ಯಾಸದ ಕೊನೆಗೆ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳುವುದು ಕಲಿಸುವವರ ಕರ್ತವ್ಯ. ಕುತ್ತಿಗೆ ಅಥವಾ ಬೆನ್ನುಮೂಳೆಯ ತೊಂದರೆ ಮೊದಲೇ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ನಿಂತ ಜೊತೆಗಾರನನ್ನು ಕೆಡವಲು ಬಂದ ಮೇಲೆ ನಡೆಯುವ ಜೊತೆಗಾರನ ಸರದಿ. ನಾವು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಅವನನ್ನು ನಮ್ಮತ್ತ ಕರೆದುಕೊಂಡು ಬರಬೇಕು. ಅವನು ಬಲಗಾಲನ್ನು ಮುಂದಿಟ್ಟು ಭಾರ ಅದರ ಮೇಲೆ ಬರುವ ಗಳಿಗೆಯಲ್ಲಿ ತಿರುಗಿ ಒಳಗೆ ಹೋಗಬೇಕು. ಆಗ ಅವನ ನಡಿಗೆಯೇ ಅರ್ಧದಷ್ಟು ವಾಲಿಕೆಯನ್ನು ಕೊಟ್ಟಿರುತ್ತದೆ. ಈ ಗಳಿಗೆಯನ್ನು ಹಿಡಿಯಲು ಕೆಲವರಿಗೆ ಒಂದು ತಿಂಗಳು ಬೇಕಾಗುತ್ತದೆ, ಕೆಲವರಿಗೆ ಆರು ತಿಂಗಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾಗಿ ಅಲ್ಲಿ ಜೂಡೋಗೂ ಜಾಗ ಸಿಕ್ಕಿದ ಮೇಲೆ, ನಮ್ಮ ಹುಡುಗ ಅಲ್ಲಿಗೆ ಹೋಗಲು ಎಷ್ಟು ದಿನ ಬೇಕು ಎಂದು ಕೇಳುವ ತಂದೆತಾಯಂದಿರು ಹೆಚ್ಚಾಗಿದ್ದಾರೆ. ದಿನದ ಲೆಕ್ಕವನ್ನು ನಾನು ಕೊಡುವುದಿಲ್ಲ. ನಡೆಯುವ ಜೊತೆಗಾರನನ್ನು ಹತ್ತಕ್ಕೆ ಏಳು ಸಲ, ತೋಳು ಬಿಡದೆ, ಸದ್ದಿಲ್ಲದ ಹೆಜ್ಜೆಯಿಂದ ಕೆಡವಿದ ದಿನ ಮುಂದಿನ ಪಾಠ ಕೊಡುತ್ತೇನೆ ಎನ್ನುತ್ತೇನೆ.

ಆ ಮುಂದಿನ ಪಾಠವೂ ಓಗೋಶಿಯೇ, ಎಡಗಡೆಯಿಂದ. ಹಿಡಿತ, ಹೆಜ್ಜೆ, ಎಳೆತ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗುತ್ತವೆ, ಜೊತೆಗಾರ ಈಗ ಬಲ ಮಗ್ಗುಲಿಗೆ ಬೀಳುತ್ತಾನೆ. ಆದ್ದರಿಂದ ಅಂಗಾತ ಮಲಗಿ, ಬೆಲ್ಟಿನ ಗಂಟು ನೋಡುತ್ತ, ಬಲತೋಳಿನಿಂದ ಹಾಸು ಬಡಿಯುವುದರಿಂದ ಮತ್ತೆ ಶುರು ಮಾಡಬೇಕು.